ಗೋಡೆಯೊಳಗಿನ ನಾತ



ಈ ಸಲದ ವಿಷಯ ಮೂಗು ಮುಚ್ಚಿಕೊಂಡು ಓದಬೇಕಾದದ್ದು. ಆದರೂ ಬರೆಯುತ್ತಿದ್ದೇನೆ. ಸುಗ್ಗಿ ಮುಗಿದು ಹೊಲ ಬರಿದಾದೊಡನೆ ನಮ್ಮ ಬೆಟ್ಟದಪುರದ ಸುತ್ತಿನ ಮನೆಗಳಿಗೆ ಇಲಿಗಳು ವಲಸೆ ಬರುತ್ತವೆ. ಅಂಗಡಿಯಿಂದ ಇಲಿಪಾಷಾಣ ಬರುತ್ತದೆ. ವಾರದೊಳಗೆ ಅಟ್ಟದಿಂದಲೋ ಗೋಡೆಯ ಸಂದಿನಿಂದಲೋ ಸಹಿಸಲಾಗದ ನಾತ ಹೊರಡುತ್ತದೆ. ಆಮೇಲೆ ಊದುಬತ್ತಿ, ಸಾಂಬ್ರಾಣಿ, ಕರ್ಪೂರ! ಮೈಸೂರು, ಬೆಂಗಳೂರುಗಳಲ್ಲಿ ಫಾಲ್ಸ್ ಸೀಲಿಂಗ್ ಹಾಕಿಸಿಕೊಂಡಿರುವ ನನ್ನ ಶಿಷ್ಯರ ಮನೆಗಳಲ್ಲೂ ಕಥೆ ಬೇರೆಯಲ್ಲ. ಅಟ್ಟದ ಹೆಸರು ಬದಲಾಗಿದೆ, ಅಷ್ಟೆ.

ನನ್ನ ಅಭಿಪ್ರಾಯ ಇಷ್ಟು: ಈ ನಾತವನ್ನು ಮನೆಯೊಳಕ್ಕೆ ಕರೆತರುವುದು ಬಹುಮಟ್ಟಿಗೆ ನಾವಿಡುವ ವಿಷವೇ. ಆದ್ದರಿಂದ ವಾಸದ ಮನೆಯೊಳಗೆ ಇಲಿಪಾಷಾಣವನ್ನು ಇಡಲೇಬಾರದು.

ವಿಷ ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆಂದೂ, ಅದರ ದೇಹ ನಾರದೆ ಒಣಗಿಬಿಡುತ್ತದೆಂದೂ ಮಾರುವವರು ಹೇಳುವುದುಂಟು. ಎರಡನ್ನೂ ನಂಬಬೇಡಿ. ಬ್ರೋಮಾಡಿಯೊಲೋನ್ ಬೆರೆತ ಬಿಲ್ಲೆಗಳು ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತವೆ. ಪ್ರಾಣ ಹೋಗಲು ಕೆಲವು ದಿನಗಳೇ ಬೇಕು. ನಿತ್ರಾಣಗೊಂಡ ಪ್ರಾಣಿ ತನಗೆ ಪರಿಚಿತವಾದ ಕತ್ತಲಿನ ಮೂಲೆಯನ್ನೇ ಸೇರುತ್ತದೆ. ಎಲ್ಲಿ ಸಾಯಬೇಕೆಂಬುದನ್ನು ಇಲಿಯೇ ನಿರ್ಧರಿಸುತ್ತದೆ, ನಾವಲ್ಲ. ಕಪ್ಪು ಪುಡಿಯಾದ ಜಿಂಕ್ ಫಾಸ್ಫೈಡ್ ಇನ್ನೂ ಕ್ರೂರ. ಅದು ಜಠರದ ಆಮ್ಲದೊಡನೆ ಕೂಡಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಮನುಷ್ಯನ ಹೊಟ್ಟೆ ಸೇರಿದರೂ ಹಾಗೆಯೇ. ಬ್ರೋಮಾಡಿಯೊಲೋನಿಗಾದರೂ ವಿಟಮಿನ್ ಕೆ ಎಂಬ ಪ್ರತಿಮದ್ದುಂಟು, ಫಾಸ್ಫೀನಿಗೆ ಅದೂ ಇಲ್ಲ.

ಇದು ಬರಿಯ ನಾತದ ಪ್ರಶ್ನೆಯೂ ಅಲ್ಲ. 2024ರ ಆಗಸ್ಟಿನಲ್ಲಿ ಬೆಂಗಳೂರಿನ ವಿದ್ಯಾರ್ಥಿನಿಲಯವೊಂದರಲ್ಲಿ ಇಲಿಗಳಿಗೆಂದು ಹಾಕಿದ ವಿಷದ ಘಾಟಿಗೆ ನರ್ಸಿಂಗ್ ವಿದ್ಯಾರ್ಥಿಗಳು ಉಸಿರಾಡಲಾಗದೆ ಆಸ್ಪತ್ರೆ ಸೇರಿದರು. ಅದೇ ವರ್ಷದ ನವೆಂಬರಿನಲ್ಲಿ ಚೆನ್ನೈ ಬಳಿಯ ಕುಂದ್ರತ್ತೂರಿನ ಮನೆಯೊಂದರಲ್ಲಿ ಇಲಿಗಳಿಗಿಟ್ಟ ಮದ್ದಿನ ಗಾಳಿ ಸೇವಿಸಿ ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರು. ಮೊಮ್ಮಕ್ಕಳು ಓಡಾಡುವ ಮನೆಯಲ್ಲಿ ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ?

ಸತ್ತ ಇಲಿಯನ್ನು ನಮ್ಮ ಹಿರಿಯರು ಹಗುರವಾಗಿ ಕಂಡವರಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟ ಮೇಲೆ, ಸೂರಿನಿಂದ ‘ಇಲಿ ಬಿತ್ತು’ ಎಂದರೆ ಜನ ಮನೆ ತೊರೆದು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಗಿ, ಗಾಳಿ ಬೆಳಕುಗಳುಳ್ಳ ಬಡಾವಣೆಗಳು ಬೆಳೆದುದರ ಹಿಂದೆ ಆ ಭೀತಿಯೂ ಇತ್ತು. ಇಲಿ ಸತ್ತು ದೇಹ ತಣ್ಣಗಾದರೆ ಅದರ ಮೈಮೇಲಿನ ಚಿಗಟಗಳು ಬೇರೆ ಮೈಯನ್ನು ಅರಸುತ್ತವೆ. ಆ ಎಚ್ಚರ ಇಂದಿಗೂ ಸಲ್ಲುತ್ತದೆ.

ಈಗಾಗಲೇ ನಾತ ಎದ್ದಿದ್ದರೆ ಏನು ಮಾಡಬೇಕು? ‘ಬೆಟ್ಟ ಅಗೆದು ಇಲಿ ಹಿಡಿದಂತೆ’ ಎಂದು ವ್ಯರ್ಥ ಪ್ರಯತ್ನವನ್ನು ಹಾಸ್ಯ ಮಾಡುತ್ತೇವೆ. ಇಲ್ಲಿ ಮಾತ್ರ ಅಗೆಯುವುದೇ ಜಾಣತನ. ಮೊದಲು ಸ್ಥಳವನ್ನು ಗುರುತಿಸಿ. ಒಳಗೇ ಇರುವವರ ಮೂಗು ವಾಸನೆಗೆ ಒಗ್ಗಿಹೋಗಿರುತ್ತದೆ. ಫ್ಯಾನ್ ನಿಲ್ಲಿಸಿ, ಕಿಟಕಿಗಳನ್ನು ಕೆಲಕಾಲ ಮುಚ್ಚಿ, ಹೊರಗೆ ಅಡ್ಡಾಡಿ ಬಂದು ಗೋಡೆಯುದ್ದಕ್ಕೂ ಮೂಸಿ ನೋಡಿ. ಗೋಡೆ ಮತ್ತು ಸೂರು ಕೂಡುವೆಡೆ, ವೈರಿನ ಪೈಪು ಹೊಕ್ಕ ತೂತು, ಅಡುಗೆಮನೆಯ ಕಪಾಟಿನ ಹಿಂಬದಿ, ಇವು ಮುಖ್ಯ. ಹಸಿರು, ನೀಲಿ ಹೊಳಪಿನ ನೊಣಗಳು ಎಲ್ಲಿ ಮುತ್ತುತ್ತವೆ ಎಂಬುದನ್ನೂ ಗಮನಿಸಿ. ಅವುಗಳಿಗಿಂತ ಒಳ್ಳೆಯ ಪತ್ತೇದಾರರಿಲ್ಲ.

ಬಳಿಕ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಮೂಗುಬಾಯಿಗೆ ಮಾಸ್ಕ್, ಕೈಗೆ ರಬ್ಬರ್ ಗವಸು ಹಾಕಿಕೊಂಡು, ಒಂದು ಹೆಂಚನ್ನೋ ಹಲಗೆಯನ್ನೋ ಸರಿಸಿ. ಅಗತ್ಯವಿದ್ದರೆ ಗಾರೆಯವರಿಂದ ಅಂಗೈಯಗಲ ಗೋಡೆ ಒಡೆಸಿ. ಕಳೇಬರವನ್ನು ಫಿನಾಯಿಲ್ ನೀರಿನಿಂದ ಚೆನ್ನಾಗಿ ತೋಯಿಸಿದ ಮೇಲೆಯೇ ಎತ್ತಿ, ಬಾವಿಯಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಚೆಲ್ಲಿ ಹೂಳಿ. ಆ ಜಾಗವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಬಹುದು. ಆದರೆ ಅದರೊಡನೆ ಫಿನಾಯಿಲನ್ನಾಗಲಿ ಶೌಚಾಲಯದ ಆ್ಯಸಿಡ್ಡನ್ನಾಗಲಿ ಬೆರೆಸಬೇಡಿ. ಆ್ಯಸಿಡ್ ಸೋಕಿದರೆ ಕ್ಲೋರಿನ್ ವಿಷಾನಿಲ ಹೊರಡುತ್ತದೆ. ಕೈಗೆಟುಕದ ಜಾಗವಾದರೆ ಬಟ್ಟೆಗಂಟಿನಲ್ಲಿ ಇದ್ದಿಲು ಕಟ್ಟಿ ಇಟ್ಟು, ಗಾಳಿಯಾಡಿಸಿ, ತಾಳ್ಮೆಯಿಂದಿರುವುದಷ್ಟೇ ದಾರಿ. ಸುಂಡಿಲಿಯ ನಾತ ಬೇಗ ತಗ್ಗುತ್ತದೆ. ಹೆಗ್ಗಣದ್ದು, ಅದರಲ್ಲೂ ತೇವದ ಗೋಡೆಯಲ್ಲಿ, ಹಲವು ವಾರ ಕಾಡುತ್ತದೆ.

ಮತ್ತೆ ಇಂಥದ್ದು ಬಾರದಿರಲು ಖರ್ಚು ಹೆಚ್ಚಿಲ್ಲ. ಪೆನ್ಸಿಲ್ ತೂರುವಷ್ಟು ಸಂದಿದ್ದರೆ ಸುಂಡಿಲಿ ಒಳಬರುತ್ತದೆ. ಅಂಥ ಸಂದುಗಳನ್ನು ಕಬ್ಬಿಣದ ಜಾಲರಿ, ಸಿಮೆಂಟುಗಳಿಂದ ಮುಚ್ಚಿಸಿ. ರಾಗಿ, ಭತ್ತಗಳನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿನಲ್ಲಿಡಿ. ಇಲಿಬೋನು ಒಡ್ಡಿ, ಬೆಳಿಗ್ಗೆ ತಪ್ಪದೆ ನೋಡಿ. ಬೋನಿಗೆ ಬಿದ್ದ ಇಲಿ ಎಲ್ಲಿದೆ ಎಂಬುದಾದರೂ ನಮಗೆ ತಿಳಿದಿರುತ್ತದೆ!

ಗೂಬೆಯನ್ನು ಅಪಶಕುನವೆಂದು ಓಡಿಸುವವರಿಗೆ ಒಂದು ಮಾತು. ಕಣಜಗೂಬೆಯ ಮುಖ್ಯ ಆಹಾರವೇ ಇಲಿ. ಬ್ರೋಮಾಡಿಯೊಲೋನ್ ತಿಂದ ಇಲಿಯನ್ನು ನುಂಗಿದ ಗೂಬೆಯೂ ಬೆಕ್ಕೂ ಸಾಯಬಹುದು. ಹಾಗಾದಾಗ ನಾವು ಕೊಂದದ್ದು ಇಲಿಗಳ ಶತ್ರುವನ್ನು. ಮುಂದಿನ ಸುಗ್ಗಿಗೆ ಇಲಿಗಳು ಹೆಚ್ಚಿದರೆ ಆಶ್ಚರ್ಯವೇನು?

ಊದುಬತ್ತಿಯ ಹೊಗೆ ದೇವರ ಮುಂದೆ ಇರಲಿ. ಗೋಡೆಯೊಳಗೆ ಕೊಳೆಯುತ್ತಿರುವುದನ್ನು ಹೊರತೆಗೆಯಲು ಗುದ್ದಲಿ, ಗವಸು, ಸುಣ್ಣ ಸಾಕು.