ಒಬ್ಬರೇ ಗೋಕಾಕರು, ಮೂರು ಕಡೆ

ಹಿರೇಕೆರೂರ ಕಡೆಯ ಹೆಣ್ಣುಮಗಳೊಬ್ಬಳು ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಬಗಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ 340 ಪುಟಗಳ ಪಿಎಚ್.ಡಿ. ಪ್ರಬಂಧ. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲ್ಲೂಕುಗಳ ಬರವಣಿಗೆಯ ಮೇಲೆ ಐದು ವರ್ಷ ದುಡಿದಿದ್ದಾಳೆ. ಬರೆದದ್ದಾಗಿದೆ, ಅಕ್ಷರ ಜೋಡಿಸಿದ್ದಾಗಿದೆ, ಪುಟವನ್ನೂ ಕಟ್ಟಿದ್ದಾಗಿದೆ. ಮಾರ್ಗದರ್ಶಕರು ಮಾತ್ರ ಕೊನೆಯ ಪುಟದಲ್ಲಿ ಕೆಂಪು ಮಸಿಯಿಂದ ಒಂದು ಸಾಲು ಗೀಚಿ ಹಿಂದಕ್ಕೆ ಕಳಿಸಿದ್ದಾರೆ: 'ಲೇಖಕರ ಹೆಸರು ಸರಿಪಡಿಸಿ ತನ್ನಿ.'

"ಹೆಸರು ಎಲ್ಲಾ ಸರಿ ಅದಾವ ಅನ್ನಸ್ತೈತ್ರಿ ಸರ. ನೀವೊಮ್ಮೆ ನೋಡಿಕೊಡ್ರಿ" ಅಂದಳು. ಒಂದು ಕಾಲಕ್ಕೆ ಛಾಪಖಾನೆಯಲ್ಲಿ ಕರಡು ತಿದ್ದಿದವ ನಾನು. ಎರಡು ತಾಸಿನ ಕೆಲಸ ಅಂದುಕೊಂಡೆ. ಹನ್ನೊಂದು ದಿನ ಹಿಡಿಯಿತು.

ಮೊದಲಿಗೆ ಊರುಗಳೇ ಅಡ್ಡ ಬಂದವು. ಶಿಗ್ಗಾಂವ ಎನ್ನುವುದು ಒಂದು ಪುಟದಲ್ಲಿ ಶಿಗ್ಗಾಂವಿ, ಮುಂದಿನದರಲ್ಲಿ ಶಿಗ್ಗಾವಿ. ಹಾನಗಲ್ಲಿನದೂ ಅದೇ ಪಾಡು. ಶಾಸನದಲ್ಲಿ ಅದು ಪಾನುಂಗಲ್ಲು ಬೇರೆ. ಊರಿನದು ಹೋಗಲಿ, ಬಸ್ಸಿನ ಬೋರ್ಡಿನ ಮೇಲೆ ಹೇಗೆ ಬರೆದರೂ ಜನ ಸರಿಯಾದ ಊರಿಗೇ ಇಳಿಯುತ್ತಾರೆ. ಆದರೆ ಗ್ರಂಥಋಣದಲ್ಲಿ ಹೆಸರು ತಪ್ಪಿದರೆ ಮನುಷ್ಯನೇ ಸಿಗುವುದಿಲ್ಲ.

1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ಗೋಕಾಕರನ್ನೇ ನೋಡಿ. ಕವಿತೆಗಳಿಗೆ ಅವರ ಕಾವ್ಯನಾಮ 'ವಿನಾಯಕ'. ಕನ್ನಡ ವಿಮರ್ಶೆಯಲ್ಲಿ ವಿ.ಕೃ. ಗೋಕಾಕ. ಇಂಗ್ಲಿಷ್ ಪುಸ್ತಕಗಳಲ್ಲಿ ವಿ.ಕೆ. ಗೋಕಾಕ್. ನಮ್ಮ ಹುಡುಗಿ ಆಯಾ ಪುಸ್ತಕ ನೋಡಿ ಆಯಾ ಹೆಸರು ಬರೆದುಕೊಂಡಿದ್ದಾಳೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಆದರೆ ಅಕಾರಾದಿಯಾಗಿ ಜೋಡಿಸಿದಾಗ ಗೋಕಾಕ ಎಂಬುವರು 'ಗ' ಅಕ್ಷರದಲ್ಲಿ ಎರಡು ಸಲ ಕುಳಿತರು, ವಿನಾಯಕ ಎಂಬುವರು ನಾಲ್ಕು ಪುಟ ದಾಟಿ 'ವ' ಅಕ್ಷರದಲ್ಲಿ ಕುಳಿತರು. ಹೊಸಬ ಓದುಗನಿಗೆ ಇವರು ಮೂವರು ಬೇರೆ ಬೇರೆ ಜನ. ಅದೇ ತಾಲ್ಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರೂ ಹೀಗೆಯೇ 'ಚ'ದಲ್ಲಿ ಚಂಪಾ, 'ಪ'ದಲ್ಲಿ ಪಾಟೀಲ.

"ಅಲ್ಲವ್ವಾ ತಂಗಿ, ಯಾವುದಾದರೂ ಒಂದು ಹಿಡಿ. ಉಳಿದ ಕಡೆ 'ನೋಡಿ: ಗೋಕಾಕ' ಅಂತ ಬರಿ" ಅಂದೆ. ಗ್ರಂಥಾಲಯದವರು ಎಂದಿನಿಂದಲೂ ಮಾಡುತ್ತ ಬಂದದ್ದು ಇದನ್ನೇ.

ಹೇಳುವುದು ಸುಲಭ. ಯಾವುದನ್ನು ಹಿಡಿಯುವುದು? ಗೋಕಾಕ ಎನ್ನುವುದು ಮನೆತನದ ಹೆಸರು, ಅದರಿಂದ ಕರೆದರೆ ನಡೆಯುತ್ತದೆ. ಕೆ.ವಿ. ಪುಟ್ಟಪ್ಪನವರಲ್ಲಿ ಕೆ. ಎಂದರೆ ಕುಪ್ಪಳಿ, ವಿ. ಎಂದರೆ ತಂದೆ ವೆಂಕಟಪ್ಪ. ಪುಟ್ಟಪ್ಪ ಎಂಬುದು ತೊಟ್ಟಿಲಲ್ಲಿ ಇಟ್ಟ ಹೆಸರು. ಹಳೇ ಮೈಸೂರಿನ ಕಡೆ ಅಡ್ಡಹೆಸರು ಹುಡುಕುತ್ತ ಕೂತರೆ ಊರೋ ಅಪ್ಪನೋ ಸಿಗುತ್ತಾರೆ. ನಮ್ಮ ಕಡೆ ಮತ್ತೊಂದು ಗಮ್ಮತ್ತು. ಗಿರಡ್ಡಿ ಗೋವಿಂದರಾಜ, ಉತ್ತಂಗಿ ಚನ್ನಪ್ಪ ಇವರದು ಅಡ್ಡಹೆಸರೇ ಮುಂದೆ. 'ಕೊನೆಯ ಪದವನ್ನು ಮೊದಲಿಗೆ ತನ್ನಿ' ಎಂಬ ಇಂಗ್ಲಿಷ್ ಪುಸ್ತಕಗಳ ನಿಯಮವನ್ನು ನಮ್ಮ ಹುಡುಗಿ ನಿಷ್ಠೆಯಿಂದ ಪಾಲಿಸಿದ್ದಳು. ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದ ಉತ್ತಂಗಿಯವರು 'ಚನ್ನಪ್ಪ ಯು.' ಆಗಿ ಹೋಗಿದ್ದರು! ಧಾರವಾಡ ಸೀಮೆಯಲ್ಲಿ ಯಾರು ಗುರುತು ಹಿಡಿಯಬೇಕು ಅವರನ್ನು?

ಕಂಪ್ಯೂಟರಿಗೂ ಇದು ತಿಳಿಯುವುದಿಲ್ಲ. ಇಂಗ್ಲಿಷ್ ಪ್ರಬಂಧಗಳಿಗೆ ಬಳಸುವ ಬಿಬ್‌ಟೆಕ್ ಎಂಬ ಉಪಕರಣ 1985ರಿಂದ ಇದೆ. ಪುಸ್ತಕದ ವಿವರ ಒಂದೇ ಕಡೆ ಬರೆದಿಟ್ಟರಾಯಿತು, ಉಲ್ಲೇಖ ಬಂದಲ್ಲೆಲ್ಲ ಅದೇ ರೂಪ ಬೀಳುತ್ತದೆ. ಅದೂ ಕೊನೆಯ ಪದವೇ ಮನೆತನ ಎಂದು ಹಟ ಹಿಡಿಯುತ್ತದೆ. 'ಗಿರಡ್ಡಿ' ಆದ ಮೇಲೆ ಒಂದು ಅಲ್ಪವಿರಾಮ ಹಾಕಿದರೆ ಸುಮ್ಮನಾಗುತ್ತದೆ. ನಮ್ಮ ಹುಡುಗಿಗೆ ಆ ಭಾಗ್ಯವಿಲ್ಲ. ಅವಳದು ಕೈಯಲ್ಲೇ ಟೈಪಾದದ್ದು, ಅದೂ ಮೂರು ಅಂಗಡಿಗಳಲ್ಲಿ. ಹಳೆಯ ಫಾಂಟಿನ ಅಧ್ಯಾಯಗಳನ್ನು ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು ಹಾರಿ ಕಲಬುರ್ಗಿಯವರು 'ಕಲಬುಗಿರ್' ಆಗಿದ್ದರು. ಇನ್ನೊಂದು ಅಂಗಡಿಯ ಹುಡುಗ ಜಾಣ. 2014ರಲ್ಲಿ ಗುಲ್ಬರ್ಗಾಕ್ಕೆ ಕಲಬುರಗಿ ಎಂದು ಹೆಸರಾಯಿತಲ್ಲ, ಅದನ್ನು ನೆನೆದು ಎಂ.ಎಂ. ಕಲಬುರ್ಗಿಯವರನ್ನೂ 'ಕಲಬುರಗಿ' ಮಾಡಿ ಉಪಕಾರ ಮಾಡಿದ್ದ.

ಎಲ್ಲಕ್ಕಿಂತ ನನ್ನ ತಲೆ ತಿಂದದ್ದು ಒಂದು ಸೊನ್ನೆ. 'ಎಂ.ಎಂ.' ಎಂದು ಹುಡುಕಿದರೆ ಆರು ಕಡೆ ತೋರಿಸುತ್ತದೆ. ಕಣ್ಣಿಗೆ ಹದಿನೈದು ಕಾಣುತ್ತವೆ. ಒಂದು ದಿನ ಪೂರ್ತಿ ಕಂಪ್ಯೂಟರನ್ನು ಬೈದೆ. ಆಮೇಲೆ ತಿಳಿಯಿತು, ಟೈಪು ಮಾಡಿದವರು ಕೆಲವು ಕಡೆ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನೇ ಒತ್ತಿದ್ದಾರೆ. ಕಾಗದದ ಮೇಲೆ ಎರಡೂ ಅವಳಿಜವಳಿ. ಯಂತ್ರಕ್ಕೆ ಮಾತ್ರ ಒಂದು ಅಕ್ಷರದ ಗುರುತು, ಇನ್ನೊಂದು ಲೆಕ್ಕದ ಅಂಕಿ. ಶಂ.ಬಾ. ಜೋಶಿ, ರಂ.ಶ್ರೀ. ಮುಗಳಿ, ಕೊನೆಗೆ ಶಿಗ್ಗಾಂವ ಕೂಡ ಈ ಸೊನ್ನೆಯಲ್ಲಿ ಸಿಕ್ಕಿಬಿದ್ದಿದ್ದವು.

ನಾನೂ ಒಂದು ಅನಾಹುತ ಮಾಡಿದೆ, ಮುಚ್ಚಿಡುವುದೇಕೆ? ಬೇಸತ್ತು 'ಗೋಕಾಕ' ಇದ್ದಲ್ಲೆಲ್ಲ 'ಗೋಕಾಕ ವಿ.ಕೃ.' ಆಗಲಿ ಎಂದು ಒಂದೇ ಏಟಿಗೆ ರಿಪ್ಲೇಸ್ ಒತ್ತಿಬಿಟ್ಟೆ. ಸಂಜೆ ನೋಡಿದರೆ 'ಗೋಕಾಕ ವಿ.ಕೃ. ಚಳವಳಿ', ಅದರ ಕೆಳಗೆ 'ಗೋಕಾಕ ವಿ.ಕೃ. ಜಲಪಾತ'. ಹುಡುಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಂದಿನಿಂದ ಒಂದೊಂದನ್ನೇ ನೋಡಿ ತಿದ್ದಿದೆವು. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಸಿಕ್ಕ ರೂಪ, ಬಲಗಡೆ ಇರಬೇಕಾದ ರೂಪ.

ಆ ನೋಟ್‌ಬುಕ್ಕು ಬರೆಯುವಾಗಲೇ ಒಂದು ಕಡೆ ಕೈ ನಿಂತಿತು. ಪಾಟೀಲ ಎಂಬ ಹೆಸರಿನ ಕೆಳಗೆ ಎರಡು ಪುಸ್ತಕ. ಒಂದು ಕಾಲೇಜು ಪ್ರಾಧ್ಯಾಪಕರ ವಿಮರ್ಶೆ. ಇನ್ನೊಂದು ಹಂತಿಯ ಹಾಡುಗಳ ಸಣ್ಣ ಸಂಗ್ರಹ. ಇನಿಷಿಯಲ್ ಎರಡಕ್ಕೂ ಒಂದೇ. ಇಲ್ಲಿಯವರೆಗೆ ಒಬ್ಬರು ಮೂವರಾದದ್ದನ್ನು ನೋಡಿದ್ದೆವು. ಇಲ್ಲಿ ಇಬ್ಬರು ಒಬ್ಬರಾಗಿದ್ದರು. ಹಾಡು ಕೂಡಿಸಿದವರು ಹಾನಗಲ್ಲ ತಾಲ್ಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಮಾಸ್ತರು. ಸ್ವಂತ ರೊಕ್ಕದಿಂದ ಅಚ್ಚು ಹಾಕಿಸಿದ್ದಾರೆ. ಪ್ರಬಂಧದ ಮೂರನೆಯ ಅಧ್ಯಾಯ ನಿಂತಿರುವುದೇ ಆ ಹಾಡುಗಳ ಮೇಲೆ. ಕೀರ್ತಿ ಮಾತ್ರ ಒಂದು ಹಾಡನ್ನೂ ಕೂಡಿಸದ ಪ್ರಾಧ್ಯಾಪಕರ ಖಾತೆಗೆ ಜಮಾ ಆಗಿತ್ತು. ಹುಡುಗಿ ಈ ಸಲ ನಗಲಿಲ್ಲ. "ಇದು ಹಿಂಗ ಹೋಗಿದ್ದರ ಮುಂದ ಬರೆಯೋರೂ ನನ್ನ ನೋಡಿ ಹಿಂಗ ಬರೀತಿದ್ರು" ಅಂದಳು.

ಮಾಸ್ತರರು ತೀರಿಕೊಂಡು ಬಹಳ ವರ್ಷವಾಗಿದೆ. ಮಗ ಊರಲ್ಲೇ ಹೊಲ ನೋಡಿಕೊಂಡಿದ್ದಾರೆ ಎಂದು ಗೊತ್ತಾಗಿ ಫೋನ್ ಹಚ್ಚಿದಳು. ತಂದೆಯ ಪೂರ್ತಿ ಹೆಸರು ಬೇಕು, ಇನಿಷಿಯಲ್ ಬಿಡಿಸಿ ಹೇಳಿರಿ ಎಂದು ಕೇಳಿದಳು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಯಾವ ಹೆಸರು ಬೇಕವಾ? ಸಾಲಿ ದಾಖಲೆದೊಳಗಿಂದೋ, ಹೊಲದ ಉತಾರದಾಗಿಂದೋ, ಪುಸ್ತಕದ ಮ್ಯಾಲಿಂದೋ?"

"ಪುಸ್ತಕದ ಮ್ಯಾಲಿಂದೇ ಹೇಳ್ರಿ ಕಾಕಾ" ಅಂದು ಪೆನ್ನು ತೆಗೆದಳು.