ಮೇಲ್ಮನವಿಯ ಮೆಟ್ಟಿಲು, ತೀರ್ಪಿನ ಪ್ರತಿ

ಬಂಗೂರನಗರದ ಪದವಿ ಕಾಲೇಜಿನಲ್ಲಿ ಓದಿದವರ ಪದವಿ ಪತ್ರದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ ಇರುತ್ತದೆ. ಅದೇ ವಿಶ್ವವಿದ್ಯಾಲಯದ ಹೆಸರಿನ ನಕಲಿ ಮುದ್ರೆ ಮಾಡಿಸಲು ಹೊರಟವನೊಬ್ಬನ ಮೊಕದ್ದಮೆ ದೇಶದ ಕೈದಿಗಳಿಗೆಲ್ಲ ಒಂದು ಹಕ್ಕನ್ನು ಗಟ್ಟಿಮಾಡಿಕೊಟ್ಟಿತು.

ಆತ ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರ್. ಖೋಟಾ ಅಧಿಕಾರ ಪತ್ರ ತೋರಿಸಿ ಮುಂಬೈಯ ಬ್ಲಾಕ್ ತಯಾರಕನಿಗೆ ಮುದ್ರೆಯ ಕೆಲಸ ಒಪ್ಪಿಸಿದ. ತಯಾರಕ ಪೊಲೀಸರಿಗೆ ತಿಳಿಸಿದ. ಸೆಷನ್ಸ್ ನ್ಯಾಯಾಲಯ ಕೋರ್ಟು ಏಳುವವರೆಗಿನ ಸಜೆ ಮತ್ತು ಸಣ್ಣ ದಂಡ ವಿಧಿಸಿತು. ಸರ್ಕಾರ ಮೇಲ್ಮನವಿ ಹೋಯಿತು. 1973ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಸಜೆಯನ್ನು ಮೂರು ವರ್ಷಕ್ಕೆ ಏರಿಸಿತು.

ಮುಂದಿನ ಮೆಟ್ಟಿಲು ಸುಪ್ರೀಂ ಕೋರ್ಟ್. ಆತ ಅಲ್ಲಿಗೆ ಬಂದದ್ದು ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿ, ಶಿಕ್ಷೆಯೆಲ್ಲ ಮುಗಿದ ಮೇಲೆ. ತೀರ್ಪಿನ ಪ್ರತಿಯೇ ಕೈಸೇರಿರಲಿಲ್ಲ ಎಂಬುದು ಆತನ ವಾದ. ಹೈಕೋರ್ಟ್ ಪ್ರತಿಯನ್ನು ಯೆರವಡಾ ಜೈಲಿಗೆ ಕಳಿಸಿತ್ತು. ಕೈದಿಗೆ ಕೊಟ್ಟದ್ದಕ್ಕೆ ರುಜುವಾತು ಮಾತ್ರ ಇರಲಿಲ್ಲ. 1978ರ ಆಗಸ್ಟ್ 17ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಆತನ ಅರ್ಜಿಯನ್ನು ವಜಾ ಮಾಡಿತು. ಆದರೆ ತೀರ್ಪಿನ ಪ್ರತಿ ಉಚಿತವಾಗಿ, ಬೇಗನೆ ಸಿಗಬೇಕು. ಜೈಲಿನವರು ಅದನ್ನು ಕೊಟ್ಟು ಸಹಿ ಪಡೆಯಬೇಕು. ವಕೀಲರನ್ನು ಇಟ್ಟುಕೊಳ್ಳಲಾಗದವನಿಗೆ ಉಚಿತ ನೆರವು ಬೇಕು ಎಂದಿತು. ಇದೇ ‘ಹೊಸ್ಕೋಟ್ ಪ್ರಕರಣ’.

ಒಂದು ಕಾಗದಕ್ಕೆ ಇಷ್ಟು ಬೆಲೆ ಏಕೆ? ಮೇಲ್ಮನವಿಯ ಮೆಟ್ಟಿಲುಗಳನ್ನು ಒಂದೊಂದಾಗಿಯೇ ಹತ್ತಬೇಕು. ಅಮೆರಿಕದಲ್ಲಿ ರಾಜ್ಯದ ಕೈದಿ ರಾಜ್ಯದ ನ್ಯಾಯಾಲಯಗಳನ್ನೆಲ್ಲ ಮುಗಿಸಿಯೇ ಫೆಡರಲ್ ನ್ಯಾಯಾಲಯದ ಬಾಗಿಲು ತಟ್ಟಬೇಕು. ನಮ್ಮಲ್ಲಿ ಎರಡು ಏಣಿಗಳಿಲ್ಲ, ಒಂದೇ ಏಣಿ. ದಾಂಡೇಲಿಯ ಮ್ಯಾಜಿಸ್ಟ್ರೇಟರು ಜೈಲು ಶಿಕ್ಷೆ ವಿಧಿಸಿದರೆ ಮೇಲ್ಮನವಿ ಜಿಲ್ಲೆಯ ಸೆಷನ್ಸ್ ನ್ಯಾಯಾಲಯಕ್ಕೆ. ಆಮೇಲೆ ಹೈಕೋರ್ಟಿಗೆ ಪುನರ್ ಪರಿಶೀಲನಾ ಅರ್ಜಿ. ಕೊನೆಗೆ ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ. ಹೈಕೋರ್ಟಿಗಾಗಿ ಹಿಂದೆ ಬೆಂಗಳೂರಿಗೆ ಹೋಗಬೇಕಿತ್ತು. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು.

ಕೆಳಗಿನ ಮೆಟ್ಟಿಲಲ್ಲಿ ಎತ್ತದ ತಕರಾರನ್ನು ಮೇಲೆ ಎತ್ತುವುದು ಕಷ್ಟ. ಅವಧಿಯೂ ಉಂಟು: ಸೆಷನ್ಸ್‌ಗೆ ಮೇಲ್ಮನವಿ 30 ದಿನ, ಸುಪ್ರೀಂ ಕೋರ್ಟಿಗೆ 90 ದಿನ. ತಕ್ಕ ಕಾರಣವಿದ್ದರೆ ವಿಳಂಬ ಮನ್ನಾ ಆಗಬಹುದು; ಆದರೆ ಅದು ಖಾತರಿಯಲ್ಲ. ತೀರ್ಪಿನಲ್ಲಿ ಏನಿದೆಯೆಂದು ತಿಳಿಯದೆ ಅದರಲ್ಲಿ ತಪ್ಪೇನಿದೆಯೆಂದು ಹೇಳುವುದಾದರೂ ಹೇಗೆ?

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಬಂಧನದಲ್ಲಿರುವವರಿಗೆ ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಕೈದಿ ಮೇಲ್ಮನವಿಯನ್ನು ಜೈಲು ಅಧಿಕಾರಿಯ ಕೈಗೇ ಕೊಡಬಹುದು. ಅದನ್ನು ನ್ಯಾಯಾಲಯಕ್ಕೆ ಮುಟ್ಟಿಸುವುದು ಅವರ ಕರ್ತವ್ಯ. ಮನೆಯವರು ಮೊದಲು ವಿಚಾರಿಸಬೇಕಾದದ್ದು ಇಷ್ಟು: ತೀರ್ಪಿನ ಪ್ರತಿ ಕೈಗೆ ಬಂತೇ, ಬಂದದ್ದು ಯಾವ ದಿನ?