ಪರದೆಯೊಳಗಿನ ಕೂಸಿಗೆ ಲಿಂಗ ಕಟ್ಟಬಹುದೇ?



ಚಂದಾ ಕೆಲಸಕ್ಕೆಂದು ಕಳೆದ ತಿಂಗಳು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಓಡಾಡಿದೆ. ಆಳಂದದ ಮನೆಯೊಂದರಲ್ಲಿ ಎಂಟು ತಿಂಗಳ ಗರ್ಭಿಣಿಗೆ ಗರ್ಭಲಿಂಗಧಾರಣೆ ನಡೆದಿತ್ತು. ಅಲ್ಲಿದ್ದ ಕಾಲೇಜು ಹುಡುಗ ಮೊಬೈಲು ತೋರಿಸಿ ಕೇಳಿದ: "ಇದ್ರಾಗ ನಂದೊಂದು ಸಂಸಾರ ಅದರಿ. ಮಗಳು ಹುಟ್ಟ್ಯಾಳ. ಇಕಿಗೂ ಲಿಂಗ ಕಟ್ಟಬಹುದೇನ್ರಿ?" ಎಲ್ಲರೂ ನಕ್ಕರು. ನಾನೂ ನಕ್ಕೆ. ನಗಬಾರದಿತ್ತು. ಹುಟ್ಟದ ಕೂಸಿಗೆ ಲಿಂಗ ಕೊಡುವವರು ನಾವು. ಜೀವ ಎಲ್ಲಿಂದ ಶುರು ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಬೇಕು.

ಈ ಆಟ ಇಂದಿನದಲ್ಲ. 1996ರಲ್ಲೇ ಜಪಾನಿನಿಂದ ತಮಗೋಚಿ ಎಂಬ ಅಂಗೈ ಗೊಂಬೆ ಬಂತು. ಉಣಿಸದಿದ್ದರೆ ಅದು ಸಾಯುತ್ತಿತ್ತು. 2004ರ 'ದಿ ಸಿಮ್ಸ್ 2' ಆಟದಲ್ಲಿ ಹುಟ್ಟುವ ಮಕ್ಕಳಿಗೆ ತಾಯಿಯ ಕಣ್ಣು, ತಂದೆಯ ಮುಖ ಬರುತ್ತವೆ. ಆದರೆ ಅಲ್ಲಿ ಹಸಿವೆಂದರೆ ಇಳಿಯುವ ಒಂದು ಅಂಕಿ, ಹೊಟ್ಟೆಯಲ್ಲ. ಅರಳಗುಂಡಗಿಯ ಶರಣಬಸವೇಶ್ವರರು ದಾಸೋಹ ನಡೆಸಿದ್ದು ಹೊಟ್ಟೆ ಇದ್ದವರಿಗೆ. ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ನಿನ್ನ ಮಗಳಿಗೆ ನೋವಾಗುವುದಿಲ್ಲ, ಹಾಗಾಗಿ ಲಿಂಗ ಬೇಡ.

ಈ ಭೇದ ಮರೆತರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಕೊರಿಯಾ ಕಂಡಿದೆ. 2009ರಲ್ಲಿ ಸುವೋನ್ ನಗರದ ದಂಪತಿ ಆಟದ ಕೇಂದ್ರದಲ್ಲಿ ತಾಸುಗಟ್ಟಲೆ ಕುಳಿತು ಪರದೆಯ ಹುಡುಗಿಯೊಬ್ಬಳನ್ನು ಸಾಕುತ್ತಿದ್ದರು. ಮನೆಯಲ್ಲಿ ಅವರದೇ ಮೂರು ತಿಂಗಳ ಕೂಸು ಹಸಿವಿನಿಂದ ತೀರಿಕೊಂಡಿತು. ಮರುವರ್ಷ ಅವರ ಬಂಧನವಾಯಿತು.

ಇಷ್ಟಕ್ಕೇ ನಿಲ್ಲಿಸಿ 'ಮೊಬೈಲು ಕೆಟ್ಟದ್ದು' ಎಂದು ಬರೆದಿದ್ದರೆ ನಮ್ಮ ಹಿರಿಯರಿಗೆ ಬಹಳ ಹಿಡಿಸುತ್ತಿತ್ತು. ಅಫಜಲಪುರ ಕಡೆಯ ಒಂದು ಮನೆ ಹಾಗೆ ಬರೆಯಗೊಡಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ತೊಗರಿ ಮಾರಿದ ದುಡ್ಡು ಸೊಲ್ಲಾಪುರದ ಆಸ್ಪತ್ರೆಗಳಿಗೆ ಹೋಗಿದೆ. ಆ ತಾಯಿಯೂ (ಹಾಗೆಯೇ ಕರೆಯುತ್ತೇನೆ) ಫೋನಿನಲ್ಲಿ ಒಂದು ಕೂಸು ಸಾಕುತ್ತಾರೆ. "ಇದರ ತೊಟ್ಟಿಲಿಗೆ ಯಾರೂ ನನ್ನ ಬ್ಯಾಡ ಅನ್ನಂಗಿಲ್ರಿ" ಎಂದರು. ಓಣಿಯಲ್ಲಿ ತೊಟ್ಟಿಲು ಕಾರ್ಯವಾದರೆ ಅವರಿಗೆ ಕರೆ ಇಲ್ಲ. ಕರೆದರೂ ಕೂಸನ್ನು ಕೈಗೆ ಕೊಡುವುದಿಲ್ಲ. ಕೊಡದವರು ಬೇರಾರೂ ಅಲ್ಲ, ಕೊರಳಲ್ಲಿ ಇಷ್ಟಲಿಂಗ ಇದ್ದವರೇ.

ಜನನ ಸೂತಕ ಸೇರಿ ಪಂಚಸೂತಕಗಳನ್ನು ಶರಣರು ತಳ್ಳಿಹಾಕಿದರೆಂದು ವೇದಿಕೆಯಲ್ಲಿ ಹೇಳುತ್ತೇವೆ. ಮನೆಗೆ ಬಂದು ಬಂಜೆತನವೆಂಬ ಆರನೆಯದನ್ನು ನಾವೇ ಹುಟ್ಟಿಸಿಕೊಂಡಿದ್ದೇವೆ. ಮಹಾದೇವಿಯಕ್ಕ ಹಡೆಯಲಿಲ್ಲ, ಕಲ್ಯಾಣ ಅವರನ್ನು 'ಅಕ್ಕ' ಎಂದಿತು. ಪರದೆಯ ಕೂಸಿಗೆ ಜೀವವಿಲ್ಲ, ಒಪ್ಪುತ್ತೇನೆ. ಅದನ್ನು ಎತ್ತಿಕೊಂಡವಳಿಗೆ ಇದೆ. ಆಕೆಯ ಆಟವನ್ನು ಬಿಡಿಸಬೇಕೆನ್ನುವವರು ಮೊದಲು ತಮ್ಮ ಮನೆಯ ಕೂಸನ್ನು ಆಕೆಯ ಮಡಿಲಿಗೆ ಹಾಕಲಿ.

ಆಳಂದದ ಆ ಗರ್ಭಿಣಿಯ ಮನೆಯವರಿಗೆ ಈ ಮಾತು ತಿಳಿಸಿದೆ. ಹೆರಿಗೆಯಾದ ಮೇಲೆ ಹೆಸರಿಡುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಅಫಜಲಪುರದ ಆ ತಾಯಿಯನ್ನೇ ಕರೆಯುವುದಾಗಿ ಒಪ್ಪಿದ್ದಾರೆ. ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. ಫೋನು ಮಾಡಿ ಕೇಳಿದಾಗ ಆ ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಜ್ಜಿ ಏನಂತಾರ್ರಿ?" ಎಂದು ಕೇಳಿದರು.